ಅಜ್ಜಿಯ ಮೂಕಿ ಮಾತು

ಇವತ್ತು ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸಿನ ಮುಚ್ಚಿದ ಕಿಟಕಿಯ ಹಿಂದಿನಿಂದ ಒಬ್ಬಾಕೆ ಕೆಳಗೆ ನಿಂತ ಮಗಳಿಗೆ ಏನೋ ಹೇಳುತ್ತಿದ್ದರು. ಹುಡುಗಿಗೆ ಕೇಳಿಸಲಿಲ್ಲ. ನನಗೆ ತುಟಿ ನೋಡಿಯೇ ತಿಳಿಯಿತು.

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಬೆಳೆದವಳು ನಾನು. ಮಗ್ಗದ ಲಟಪಟ ಸದ್ದಿನಲ್ಲಿ ನಮಗೆ ಬೈಗುಳವೂ ತುಟಿಯಿಂದಲೇ ತಿಳಿಯಬೇಕು.

ನಮ್ಮಜ್ಜಿ ಹರೆಯದಲ್ಲಿ ತನ್ನ ಅವ್ವನ ಜೊತೆ ಜಗಳಾಡಿ ಬೊಂಬಾಯಿಗೆ ಹೋಗಿ ಮೂಕಿ ಚಿತ್ರಗಳಲ್ಲಿ ನಟಿಸಿದ್ದಳು.

"ಮೂಕಿ ಅಂದ್ರೆ ಬಾಯಿ ಮುಚ್ಕೊಂಡೇ ಇರ್ತಿದ್ಯಾ ಅಜ್ಜಿ?" ಅಂತ ಕೇಳಿದ್ದೆ.

"ಇಲ್ವೇ, ಬಾಯಿ ಆಡಿಸ್ಬೇಕಿತ್ತು. ಹೆಂಗೂ ಯಾರಿಗೂ ಕೇಳ್ಸಲ್ಲ ಅಂತ, ಸಾಯೋ ಸೀನಿನಾಗೆ ಮನಸಿನಾಗಿದ್ದದ್ದೇ ಅಂದ್ಬಿಟ್ಟೆ. 'ಅಮ್ಮಾ, ಇಂಟಿಕಿ ವಸ್ತಾ' ಅಂತ."

ಅವ್ವನೊಂದಿಗೆ ಅಜ್ಜಿಯ ಮಾತು ತೆಲುಗು: ಅವ್ವಾ, ಮನೆಗೆ ಬರ್ತೀನಿ.

ಆ ಚಿತ್ರ ನಮ್ಮೂರ ಟೆಂಟಿಗೂ ಬಂತು. ಮಗಳ ಹೆಸರೇ ಎತ್ತದಿದ್ದ ಅವಳವ್ವ ತಲೆ ಮೇಲೆ ಸೆರಗೆಳೆದುಕೊಂಡು ಹೋಗಿ ಕೂತಿದ್ದಳಂತೆ. ಪರದೆ ಮೇಲೆ ಮಗಳ ತುಟಿ ಆಡಿದ್ದೇ ತಡ, ಎದ್ದು ನಿಂತು ಟೆಂಟೆಲ್ಲ ಕೇಳುವಂತೆ ಕೂಗಿದಳಂತೆ: "ರಾವೇ ತಲ್ಲೀ!" ಬಾರೇ ತಾಯಿ! ಮರುದಿನ ಬೊಂಬಾಯಿಗೆ ಬರೆಸಿದ ಕಾಗದದಲ್ಲೂ ಅಷ್ಟೇ ಇತ್ತು.

"ಹೊತ್ತಿಗೆ ಸರಿಯಾಗಿ ಉಣ್ಣು ಅಂದ್ರು ಕಣಮ್ಮಾ ನಿಮ್ಮವ್ವ," ಅಂದೆ ಬಸ್‌ಸ್ಟ್ಯಾಂಡಿನ ಹುಡುಗಿಗೆ.

ಹುಡುಗಿ ಹೊರಟ ಬಸ್ಸಿನ ಹಿಂದೆ ಓಡಿದಳು. "ಹೂಂ ಅವ್ವಾ!"