ಗಾಜಿನಕ್ಕ ಒರೆಸುವ ಕಾಡು

ಬೆಳಗಿನ ಬಿಸಿಲು ಇನ್ನೂ ಕಿಟಕಿಯ ಕೆಳಗಿನ ಸರಳು ದಾಟಿಲ್ಲ. ಅರಣ್ಯ ಕಚೇರಿಯ ಹಿಂಬದಿ ಕೋಣೆಯಲ್ಲಿ ಫ್ಯಾನ್ ಬಂದ್, ಬಾಗಿಲು ಬಂದ್, ಮಾತೂ ಬಂದ್. ಒಮ್ಮೆ ಸೀನಿದ ತಪ್ಪಿಗೆ, ಕೆಲಸ ನೋಡಲು ಬಂದ ನನಗೆ ಆಗಲೇ ಹೊಸಿಲಾಚೆಗೆ ವರ್ಗವಾಗಿದೆ. ಒಳಗೆ, ಕಚೇರಿಯವರೆಲ್ಲ ಗಾಜಿನಕ್ಕ ಎಂದೇ ಕರೆಯುವವರು ಮೆತ್ತನೆಯ ಕುಂಚ ಹಿಡಿದು, ಹಳೆಯ ಗಾಜಿನ ಫಲಕವೊಂದರ ದೂಳು ಬಿಡಿಸುತ್ತಿದ್ದಾರೆ. ಫಿಲ್ಮ್ ಬರುವ ಮೊದಲು ಫೋಟೊ ಮೂಡುತ್ತಿದ್ದುದು ಇಂಥ ಗಾಜಿನ ಮೇಲೆಯೇ. ಕಡಿದ ಮರ, ನದಿಯಲ್ಲಿ ತೇಲಿಬಿಟ್ಟ ದಿಮ್ಮಿ, ಉತ್ತ ಹೊಲ, ಬೋಳು ಗುಡ್ಡ. ಸುತ್ತಲಿನ ನೆಲ ಒಂದು ಕಾಲಕ್ಕೆ ಹೇಗಿತ್ತೆಂಬುದಕ್ಕೆ ಸಾಕ್ಷಿ ಇಲ್ಲಿನ ಮರದ ಪೆಟ್ಟಿಗೆಗಳಲ್ಲಿದೆ.

“ಒಂದು ಕಡೆ ಹೊಳಪು, ಒಂದು ಕಡೆ ಮಂಕು. ಚಿತ್ರ ಇರೋದು ಮಂಕು ಕಡೆ. ಅಲ್ಲಿ ಬೆರಳು ತಾಗ್ತೋ, ಕಾಡಲ್ಲಿ ಹೋದ ಮರ ಚಿತ್ರದಲ್ಲೂ ಹೋಯ್ತು!” ಎಂದು ಅಲ್ಲಿಂದಲೇ ಎಚ್ಚರಿಸುತ್ತಾರೆ.

ಗಾಜಿನಕ್ಕನ ಗಂಡ ಇದೇ ಕಚೇರಿಯ ಕಾವಲುಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಕಸ ಗುಡಿಸಲು ಬಂದವರು, ಪೆಟ್ಟಿಗೆಯೊಳಗಿನ ಬೂಷ್ಟು ಕಂಡು ಸುಮ್ಮನಿರಲಾರದೆ ಒರೆಸಲು ಕೂತರು. ದಿನಕ್ಕೆ ಹತ್ತು ಹನ್ನೆರಡು ಗಾಜು. ಬೂಷ್ಟಿನ ಪುಡಿ ಎದೆಗಿಳಿದು ಕೆಮ್ಮು ಅಂಟಿಕೊಂಡಿದೆ, ಕೆಲಸ ಮಾತ್ರ ಇಂದಿಗೂ ಖಾಯಂ ಆಗಿಲ್ಲ. “ಮನೇಲಿ ವಾರಕ್ಕೊಂದು ಲೋಟ ಒಡೀತಾಳೆ, ಇಲ್ಲಿ ಒಂದು ಗಾಜೂ ಒಡೆದಿಲ್ಲ ನಮ್ಮಮ್ಮ,” ಎಂದು ಮಗಳು ರೇಗಿಸುತ್ತಾಳೆ.

ಕಳೆದ ತಿಂಗಳು ಮೇಲಿನಿಂದ ಆದೇಶ ಬಂತು: ಚಿತ್ರಗಳೆಲ್ಲ ಕಂಪ್ಯೂಟರಿಗೆ ಏರಿವೆ, ಗಾಜನ್ನು ಗುಜರಿಗೆ ಹಾಕಿ. ಅದೇ ವಾರ ಅಜ್ಜ ಒಬ್ಬರು ನೋಟಿಸು ಹಿಡಿದು ಬಂದರು. ಅವರು ಉಳುವ ಹಳ್ಳದ ಎಡದಂಡೆ ಹಿಂದೆ ಕಾಡಾಗಿತ್ತು, ಹೊಲವಿದ್ದದ್ದು ಬಲದಂಡೆಯಲ್ಲಿ ಎಂದು ಕಂಪ್ಯೂಟರಿನ ಚಿತ್ರ ಹೇಳುತ್ತಿತ್ತು. ಅದನ್ನು ನಂಬಿದ ಕಚೇರಿ, ಜಾಗ ಖಾಲಿ ಮಾಡಿ ಎಂದಿತ್ತು.

“ನಮ್ಮಪ್ಪ ಉತ್ತ ಹೊಲ ತಾಯಿ, ಕಾಡಾಗಿದ್ದು ಯಾವಾಗ?” ಎಂದು ಅಜ್ಜ ಮೆಟ್ಟಿಲ ಮೇಲೆ ಕುಸಿದು ಕೂತರು.

ಗಾಜಿನಕ್ಕ ಕಂಪ್ಯೂಟರಿನಲ್ಲಿ ಇಣುಕಿದರು. ಹೊಲದಲ್ಲಿ ಪೈರು ಕೊಯ್ಯುವ ಹೆಂಗಸರು, ಕುಡುಗೋಲೆಲ್ಲ ಎಡಗೈಯಲ್ಲಿ! “ಒಬ್ಬಿಬ್ಬರು ಎಡಚರಿರಬಹುದು. ಸಾಲಿಗೆ ಸಾಲೇ ಎಡಚರಾ?” ಓಡಿಹೋಗಿ ಮೂಲ ಫಲಕ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದರು. ಕಂಪ್ಯೂಟರಿಗೆ ಕಾಪಿ ಮಾಡುವ ಕ್ಯಾಮೆರಾದ ಕೆಳಗೆ ಗಾಜು ಮಗುಚಿ ಕೂತು ಎಡ ಬಲವಾಗಿತ್ತು, ಬಲ ಎಡವಾಗಿತ್ತು. “ಹಾಗೆ ಇಟ್ಟವಳು ನಾನೇ.”

ಬಾಯಿ ಮುಚ್ಚಿಕೊಂಡಿದ್ದರೆ ಗಾಜಿನ ಜೊತೆಗೆ ತಪ್ಪೂ ಗುಜರಿ ಸೇರುತ್ತಿತ್ತು. ಅಜ್ಜನ ಹೊಲವೂ ಹೋಗುತ್ತಿತ್ತು. ಅವರು ಫಲಕ ಎತ್ತಿಕೊಂಡು ನೇರ ಸಾಹೇಬರ ಮುಂದೆ ನಿಂತರು.

“ತಪ್ಪು ನನ್ನದು ಸಾರ್, ಮಂಕು ಕಡೆ ಮೇಲೆ ಮಾಡಿಬಿಟ್ಟೆ. ಹೊಲ ಇದ್ದಿದ್ದು ಎಡಕ್ಕೇ. ಈ ಗಾಜು ಇಲ್ದೇ ಹೋಗಿದ್ರೆ ಹೇಗೆ ತಿದ್ತಾ ಇದ್ವಿ?”

ಸಾಹೇಬರು ಫಲಕವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೋಟಿಸು ವಾಪಸಾಯಿತು, ಗುಜರಿಯ ಆದೇಶವೂ ನಿಂತಿತು. ಆದರೆ ಗಾಜಿನಕ್ಕನಿಗೆ ಎಚ್ಚರಿಕೆ ಪತ್ರ ಸಿಕ್ಕಿತು, ಖಾಯಂ ಆಗುವ ಮಾತು ಇನ್ನಷ್ಟು ದೂರ ಸರಿಯಿತು. ಇದ್ಯಾವ ನ್ಯಾಯ ಎಂದು ನಾನು ರೇಗುತ್ತೇನೆ. ಅವರೋ ನಗುತ್ತಾರೆ.

“ಹೋಗ್ಲಿ ಬಿಡಿ. ತಪ್ಪು ನನ್ನ ಹೆಸರಲ್ಲೇ ಇರ್ಲಿ. ಹೊಲ ಅವರ ಹೆಸರಲ್ಲಿ ಉಳೀತಲ್ಲ!”