ಶ್ರೀಪಾದಣ್ಣನ ಇಪ್ಪತ್ತು ಮುಖದ ದಾಳ

ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಕೆಮ್ಮುವವರ ಮತ್ತು ಜ್ವರದವರ ನಡುವೆ, ಟೈ ಕಟ್ಟಿದ ಒಬ್ಬ ಮನುಷ್ಯ ತೊಡೆಯ ಮೇಲಿನ ಕಪ್ಪು ಬ್ಯಾಗಿನ ಮೇಲೆ ಹಸಿರು ದಾಳ ಉರುಳಿಸುತ್ತ ಕೂತಿದ್ದಾನೆ. ದಾಳಕ್ಕೆ ಆರಲ್ಲ, ಇಪ್ಪತ್ತು ಮುಖ. ಪಕ್ಕದ ಅಜ್ಜಿ ಅದು ಯಾವ ಕಾಯಿಲೆಯ ಮಾತ್ರೆ ಎಂದು ಕೇಳುತ್ತಾಳೆ. "ಇದು ನುಂಗದಲ್ಲ ಅಜ್ಜಿ. ಬೇಜಾರಿಗೆ ಇಪ್ಪ ಔಷಧ," ಎನ್ನುತ್ತಾನೆ ಅವನು, ಒಂದಿಷ್ಟೂ ನಗದೆ. ಶ್ರೀಪಾದಣ್ಣನೆಂದರೆ ನನಗೆ ಮೊದಲು ಕಾಣುವುದು ಈ ಚಿತ್ರ.

ಅವನು ಸಿದ್ದಾಪುರದವನು, ಒಂದು ಔಷಧ ಕಂಪನಿಯ ರೆಪ್, ಡಾಕ್ಟರುಗಳಿಗೆ ಸ್ಯಾಂಪಲ್ ಕೊಡುತ್ತ ತಿರುಗುವವನು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಅವನ ಸ್ಕೂಟರಿನ ಸೀಮೆ. ಶಿರಸಿಯಲ್ಲಿ ನಮ್ಮ ಮನೆಯ ಮಾಳಿಗೆಯ ಕೋಣೆ ಬಾಡಿಗೆ ಹಿಡಿದಿದ್ದ. ಟೈಯನ್ನು ಆಸ್ಪತ್ರೆಯ ಗೇಟಿನಲ್ಲಿ ಕಟ್ಟಿ, ಹೊರಬಂದ ತಕ್ಷಣ ಬಿಚ್ಚಿ ಜೇಬಿಗೆ ತುರುಕುತ್ತಿದ್ದ. ಮದುವೆಯಾಗಿರಲಿಲ್ಲ. ಯಾಕೆಂದು ಅಮ್ಮ ಕೇಳಿದರೆ, ನನ್ನ ಗ್ರಹಗತಿ ನಾನೇ ಬರೀತಾ ಇದ್ದೆ ಅಕ್ಕಾ, ಇನ್ನೂ ಮುಗಿದಿಲ್ಲೆ ಅನ್ನುತ್ತಿದ್ದ. ಅಮ್ಮ ಅದನ್ನು ತಮಾಷೆ ಎಂದುಕೊಂಡಿದ್ದಳು. ತಮಾಷೆಯಲ್ಲ. ಅವನ ಕೋಣೆಯ ಗೋಡೆಯ ಮೇಲೆ ಮಾತ್ರೆ ಕಂಪನಿಯ ಹಳೇ ಕ್ಯಾಲೆಂಡರುಗಳನ್ನು ತಿರುಗಿಸಿ ಅಂಟಿಸಿ, ಅವುಗಳ ಬಿಳಿ ಬೆನ್ನಿನ ಮೇಲೆ ಒಂದಿಡೀ ಆಕಾಶವನ್ನೇ ಬರೆದಿದ್ದ. ಏಳು ಸೂರ್ಯರು, ಅವರ ಸುತ್ತ ಗ್ರಹಗಳು, ಗ್ರಹಗಳ ನಡುವೆ ಹಡಗುದಾರಿ, ದಾರಿಯಲ್ಲಿ ಚೆಕ್‌ಪೋಸ್ಟು. ಚಕ್ರವರ್ತಿಯೊಬ್ಬ, ಅವನ ವಿರುದ್ಧ ಬಂಡೆದ್ದ ಮೂರು ಮನೆತನ. ಅವಧಿ ಮೀರಿದ ಸ್ಯಾಂಪಲ್ ಕ್ಯಾಪ್ಸೂಲುಗಳೇ ಆಕಾಶನೌಕೆಗಳು; ಕೆಂಪು-ಹಳದಿಯವು ಚಕ್ರವರ್ತಿಯವು, ನೀಲಿಯವು ಕಳ್ಳಸಾಗಣೆಯವು.

ಆ ಲೋಕದಲ್ಲಿ ಆಡುವ ಜನ ಮಾತ್ರ ಅವನಿಗೆ ಇರಲಿಲ್ಲ. ಪುಣೆಯಲ್ಲಿ ಕಂಪನಿಯ ತರಬೇತಿಗೆ ಹೋದಾಗ ಕಲಿತು ಬಂದ ಆಟ ಅದು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುವುದು, ಮಾತಿನಲ್ಲೇ ಕತೆ ನಡೆಸುವುದು, ಕಷ್ಟ ಬಂದಲ್ಲಿ ದಾಳ ಹಾಕುವುದು. ಆಡಲು ಬನ್ನಿ ಎಂದು ಊರೂರಲ್ಲಿ ವರ್ಷಗಟ್ಟಲೆ ಕೇಳಿದ್ದನಂತೆ. ಜನ ಇಸ್ಪೀಟಾದರೆ ಬರುತ್ತೇವೆ ಅಂದರಂತೆ. ಕೊನೆಗೆ ಸಿಕ್ಕಿದವರು ಪಿಯುಸಿಯ ನಾವು ಮೂವರು. ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆಯಲ್ಲಿ ಇಡಲು ಜಾಗವಿಲ್ಲದ ನಾನು. ಇಡಗುಂದಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಲತಾ. ಬನವಾಸಿ ಕಡೆಯ ಬಸವರಾಜ. ಅವನಿಗೆ ಮಾತು ಬರುವುದಿಲ್ಲ ಎಂದೇ ಕ್ಲಾಸಿನಲ್ಲಿ ಅರ್ಧ ಜನ ನಂಬಿದ್ದರು. ಮೂವರಲ್ಲಿ ಒಬ್ಬರು ಬಿಟ್ಟರೂ ಆಟ ನಿಲ್ಲುತ್ತದೆ, ಬೇಸಿಗೆಗೆ ತನಗೆ ವರ್ಗವಾಗುವುದೂ ಖಾತ್ರಿ ಎಂದು ಶ್ರೀಪಾದಣ್ಣ ಮೊದಲ ದಿನವೇ ಹೇಳಿದ್ದ. ಗೋಡೆಯ ಮೇಲಿನ ಏಳು ಸೂರ್ಯರಿಗೆ ಅಷ್ಟೇ ಕಾಲಾವಕಾಶ.

ಆದರೆ ಯಾವ ನಿಯಮದಲ್ಲಿ ಆಡುವುದು? ಇದಕ್ಕೆ ಅವನು ಕಂಡುಕೊಂಡ ಉಪಾಯ ಔಷಧದವನದೇ: ಒಂದೇ ರೋಗಕ್ಕೆ ಬೇರೆ ಬೇರೆ ಮದ್ದು ಕೊಟ್ಟು ನೋಡುವುದು. ರೋಗ ಇದು. ಕದ್ದ ಕಾಳುಮೆಣಸು ತುಂಬಿದ ನಮ್ಮ ನೌಕೆಯನ್ನು ಚಕ್ರವರ್ತಿಯ ಇನ್‌ಸ್ಪೆಕ್ಟರು ತಡೆದಿದ್ದಾನೆ. ದಾಟಬೇಕು. ನಾನು ಕ್ಯಾಪ್ಟನ್, ಲತಾ ವ್ಯಾಪಾರಿ, ಬಸವರಾಜ ಎಂಜಿನ್ನಿನವನು.

ಮೊದಲ ಭಾನುವಾರ ದಪ್ಪ ರೂಲ್ ಬುಕ್ಕು. ಪುಣೆಯ ಫುಟ್‌ಪಾತಿನಲ್ಲಿ ಕೊಂಡದ್ದು, ಪಂಚಾಂಗಕ್ಕಿಂತ ಹೆಚ್ಚು ಕೋಷ್ಟಕ. ಲತಾ ಒಂದು ಗುಂಡು ಹಾರಿಸಿದಳು. ಗಾಳಿಯಿಲ್ಲದಲ್ಲಿ ಗುಂಡಿನ ವೇಗ, ಎದುರಿನ ಕವಚದ ದಪ್ಪ, ಅವಳ ಕೈನಡುಕ, ಎಲ್ಲಕ್ಕೂ ಲೆಕ್ಕ. ಆ ವಾರ ಊರಿಗೆ ಹೋಗಬೇಕಿದ್ದ ಅವಳಿಗೆ ಯಲ್ಲಾಪುರದ ಬಸ್ಸು ತಪ್ಪಿತು, ಗುಂಡು ಇನ್ನೂ ತಲುಪಿರಲಿಲ್ಲ. "ಶ್ರೀಪಾದಣ್ಣ, ಈ ಗುಂಡಿಗಿಂತ ನಡಕೊಂಡು ಹೋದ್ರೆ ನಾನು ಬೇಗ ಮುಟ್ತಿದ್ದೆ," ಎಂದಳು ಲತಾ. ಆ ಪುಸ್ತಕ ಅಲ್ಲಿಗೆ ಕಪಾಟು ಸೇರಿತು.

ಎರಡನೇ ವಾರ ತೆಳು ಪುಸ್ತಕ, ಜೆರಾಕ್ಸ್ ಪ್ರತಿ. ಇದರಲ್ಲಿ ಏನೇ ಮಾಡಿದರೂ ದಾಳವೊಂದೇ ತೀರ್ಪು. ನಾನು ಇನ್‌ಸ್ಪೆಕ್ಟರಿಗೆ ಕಾನೂನಿನ ಮೇಲೆ ಕಾನೂನು ಹೇಳಿದೆ, ಒಂದು ಬಿತ್ತು, ಜೈಲಾಯಿತು. ಬಸವರಾಜ ಬಾಯಿ ಬಿಡದೆ ಇಪ್ಪತ್ತು ಹಾಕಿ ನನ್ನನ್ನು ಬಿಡಿಸಿದ. ನನಗೆ ಉರಿಯಿತು. ವಾದದ ಗುಣಕ್ಕೆ ಬೆಲೆಯೇ ಇಲ್ಲದ ನಿಯಮವನ್ನು ನಿಯಮ ಎನ್ನುವುದು ಹೇಗೆ? ಜ್ಯೋತಿಷ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ? ಹೀಗೆ ಶುರು ಮಾಡಿ ನಾನು ನಮ್ಮ ಸೀಮೆಯ ತಾಳಮದ್ದಳೆಗೆ ಬಂದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ, ಎದುರಿನವನ ಮಾತಿಗೆ ಅಲ್ಲೇ ಉತ್ತರ ಹೆಣೆದು ಅರ್ಥ ಹೇಳುತ್ತಾರೆ. ಉತ್ತರ ಹೊಳೆಯದೆ ಬಾಯಿ ಕಟ್ಟಿದವನು ಸೋತಂತೆ. ಪುಣೆಯಿಂದ ತಂದ ಆಟಕ್ಕೆ ಮನೆಯಲ್ಲೇ ನಿಯಮವಿರುವಾಗ ದಾಳ ಯಾಕೆ?

ಶ್ರೀಪಾದಣ್ಣ ಸ್ವತಃ ಸೋಂದಾ ಕಡೆಯ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದವನು. ಗಲ್ಲ ಕೆರೆದುಕೊಂಡ. "ನೀ ಗೆಲ್ಲಲೆ ಬೇಕಾದಷ್ಟು ಜಾಗ ಇದ್ದು ಇದ್ರಲ್ಲಿ," ಅಂದ. "ಅಡ್ಡಿಲ್ಲೆ ತಂಗಿ, ಆಡಿ ನೋಡನ."

ಮೂರನೇ ವಾರ ನನ್ನ ವಾರ. ಇನ್‌ಸ್ಪೆಕ್ಟರಾಗಿ ಕೂತ ಶ್ರೀಪಾದಣ್ಣನನ್ನು ಅವನದೇ ಚಕ್ರವರ್ತಿಯ ಶಾಸನದಿಂದ ಕಟ್ಟಿಹಾಕಿದೆ. ಮೆಣಸಿನಲ್ಲಿ ಪಾಲು ಹೆಚ್ಚು ಬೇಕೆಂದ ಲತಾಳನ್ನು ಸುಮ್ಮನಾಗಿಸಿದೆ. ಇನ್ನು ಹೊರಡುವುದೊಂದೇ ಬಾಕಿ. ಆಗ ಬಸವರಾಜ, "ಎಂಜಿನ್ ಚಾಲೂ ಮಾಡಬ್ಯಾಡ್ರಿ ಕ್ಯಾಪ್ಟನ್. ಪೈಪ್ ಸೋರಾಕತ್ತದ," ಎಂದ. ಯಾವ ಪೈಪು? ಯಾವಾಗಿನಿಂದ? ನೋಡಿದವರು ಯಾರು? ಸೋರುವುದಾದರೆ ಇಲ್ಲಿಯವರೆಗೆ ಬಂದದ್ದು ಹೇಗೆ? ನನ್ನ ಪ್ರಶ್ನೆಗಳಿಗೆ ಅವನು ಎರಡು ಸಲ ಬಾಯಿ ತೆರೆದ, ಮುಚ್ಚಿದ, ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದ. ಬಾಯಿ ಕಟ್ಟಿತು. ಗೆದ್ದೆ. ಎಂಜಿನ್ ಚಾಲೂ ಮಾಡಿ ಎಂದು ಅಪ್ಪಣೆ ಕೊಟ್ಟೆ.

ಶ್ರೀಪಾದಣ್ಣ ನಮ್ಮ ನೀಲಿ ಕ್ಯಾಪ್ಸೂಲನ್ನು ಎತ್ತಿ, ಎರಡು ಬೆರಳಲ್ಲಿ ತಿರುಚಿ ಬಿಡಿಸಿದ. ಬಿಳಿ ಪುಡಿ ನಕಾಶೆಯ ಮೇಲೆಲ್ಲ ಚೆಲ್ಲಿತು. "ಎಲ್ಲಾರೂ ಸತ್ತ," ಅಂದ.

ನಾನು ಎದ್ದು ನಿಂತೆ. ನಿಯಮದ ಪ್ರಕಾರ ವಾದ ಗೆದ್ದವಳು ನಾನು, ಬಸವರಾಜ ಸೋತಿದ್ದಾನೆ, ಇದು ಶುದ್ಧ ಅನ್ಯಾಯ ಎಂದೆ.

"ಹೌದು. ಬಸವರಾಜ ಸೋತ," ಅಂದ ಶ್ರೀಪಾದಣ್ಣ. "ಎಂಜಿನ್ನು ಸೋತಿದ್ದಿಲ್ಲೆ. ನೀ ಹೇಳಿದ್ದು ಕೇಳಲೆ ಅದಕ್ಕೆ ಕಿವಿ ಎಲ್ಲಿದ್ದು?"

ಲತಾ ಎಷ್ಟು ನಕ್ಕಳೆಂದರೆ ಕೆಳಗಿನಿಂದ ಅಮ್ಮ ಏನಾಯಿತೆಂದು ಕೇಳಿದಳು. ಬಸವರಾಜ ನಗಲಿಲ್ಲ. ಚಪ್ಪಲಿ ಮೆಟ್ಟುತ್ತ, ಮುಂದಿನ ವಾರ ತಾನು ಬರುವುದಿಲ್ಲ, ಇದು ಮಾತು ಬರುವವರ ಆಟ ಎಂದ. ಶ್ರೀಪಾದಣ್ಣನ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಗೋಡೆಯ ಆಕಾಶದ ಕಡೆ ಒಮ್ಮೆ ನೋಡಿದ. ಆಮೇಲೆ ಮೆಟ್ಟಿಲಿಗೆ ಹೋಗಿ ಹಸಿರು ದಾಳವನ್ನು ಬಸವರಾಜನ ಅಂಗೈಯಲ್ಲಿಟ್ಟು, ಇದನ್ನು ನೀನು ಇಟ್ಟುಕೊಂಡಿರು, ಭಾನುವಾರ ತರದಿದ್ದರೆ ನಮಗೆ ಆಟವಿಲ್ಲ ಎಂದ. ಮೋಸವೆಂದರೆ ಇದು: ಸಾಲ ತಂದ ವಸ್ತುವನ್ನು ಬಸವರಾಜ ಹಿಂದಕ್ಕೆ ಮುಟ್ಟಿಸದೆ ಇರುವವನಲ್ಲವೆಂದು ಶ್ರೀಪಾದಣ್ಣನಿಗೆ ಗೊತ್ತಿತ್ತು.

ಬಸವರಾಜ ಬಂದ. ಅಂದು ಶ್ರೀಪಾದಣ್ಣ ಎರಡೂ ಪುಸ್ತಕ ಮುಚ್ಚಿಟ್ಟು ನಮ್ಮ ನಿಯಮ ಹೇಳಿದ. ಕಿವಿಯಿದ್ದವರನ್ನು ಮಾತಿನಿಂದ ಗೆಲ್ಲಬೇಕು, ತಾಳಮದ್ದಳೆಯ ಹಾಗೆ. ಕಿವಿಯಿಲ್ಲದ್ದಕ್ಕೆ, ಅಂದರೆ ಎಂಜಿನ್ನು, ಉಲ್ಕೆ, ಸೋರುವ ಪೈಪಿಗೆ, ದಾಳ. ಆ ದಾಳವನ್ನು ಆಯಾ ದಿನ ಎಲ್ಲರಿಗಿಂತ ಕಡಿಮೆ ಮಾತಾಡಿದವರೇ ಹಾಕಬೇಕು. ಕೊನೆಯ ಅಂಶಕ್ಕೆ ತರ್ಕವೇನು ಎಂದು ಕೇಳಿದೆ. "ತರ್ಕ ಇಲ್ಲೆ. ಭಾಗವತ ಆನು," ಅಂದ. ಭಾಗವತನೆಂದರೆ ತಾಳಮದ್ದಳೆಯಲ್ಲಿ ಹಾಡಿ ಕೂಟ ನಡೆಸುವವನು; ನಡೆಸುವವನ ಮಾತೇ ಕೊನೆ ಎಂಬುದು ವಾದವಲ್ಲ, ದಬ್ಬಾಳಿಕೆ. ಈಗಲೂ ಹಾಗೇ ಹೇಳುತ್ತೇನೆ.

ಆದರೆ ಆಟ ಓಡಿತು. ಏಳರಲ್ಲಿ ಐದು ಸೂರ್ಯರನ್ನು ಸುತ್ತಿದೆವು. ದಾಳ ಹೆಚ್ಚಾಗಿ ಬಸವರಾಜನ ಕೈಯಲ್ಲೇ ಇರುತ್ತಿತ್ತು. ಕ್ರಮೇಣ ಅವನು, "ಕ್ಯಾಪ್ಟನ್ನಾರ, ಸ್ವಲ್ಪ ಬಾಯಿ ಮುಚ್ಚರಿ, ಎಂಜಿನ್ ಸಪ್ಪಳ ಕೇಳಸವಲ್ದು," ಎನ್ನುವಷ್ಟು ಬೆಳೆದ. ನನ್ನನ್ನು ಹೀಗೆ ಸುಮ್ಮನಾಗಿಸಿದವರು ಯಾವ ಸ್ಪರ್ಧೆಯಲ್ಲೂ ಇರಲಿಲ್ಲ.

ಬೇಸಿಗೆಗೆ ಶ್ರೀಪಾದಣ್ಣನಿಗೆ ವರ್ಗವಾಯಿತು, ವಿಜಾಪುರಕ್ಕೆ. ಸ್ಕೂಟರು ಲಾರಿಯಲ್ಲಿ ಮುಂಚೆಯೇ ಹೋಗಿತ್ತು. ಶಿರಸಿ ಬಸ್‌ಸ್ಟ್ಯಾಂಡಿಗೆ ನಾವು ಮೂವರೂ ಹೋದೆವು. ಉಳಿದ ಎರಡು ಸೂರ್ಯರನ್ನು ಏನು ಮಾಡುವುದೆಂದು ಲತಾ ಬಡಬಡಿಸುತ್ತಿದ್ದಳು. ಬಸವರಾಜ, ನೀವು ಅಲ್ಲಿ ರೊಟ್ಟಿ ತಿನ್ನಲು ಕಲಿಯಬೇಕು, ನಮ್ಮ ಅತ್ತೆಯ ಮನೆ ಅಲ್ಲೇ ಇದೆ ಎಂದು ವಿಳಾಸ ಹೇಳುತ್ತ ನಿಲ್ಲಿಸಲೇ ಇಲ್ಲ. ನಾನು ಒಳ್ಳೆಯದೊಂದು ಮಾತು ಸಿದ್ಧಮಾಡಿಕೊಂಡು ಹೋಗಿದ್ದೆ. ಅದನ್ನು ಹೇಳುವ ಬದಲು ಅವನ ಕಪ್ಪು ಬ್ಯಾಗನ್ನು ಕಿಟಕಿಯೊಳಗೆ ಎತ್ತಿಕೊಟ್ಟೆ.

ಕಂಡಕ್ಟರ್ ಸೀಟಿ ಊದಿದ. ಶ್ರೀಪಾದಣ್ಣ ಕಿಟಕಿಯಿಂದ ನಮ್ಮ ಮೂವರನ್ನೂ ಒಂದು ಸುತ್ತು ನೋಡಿ, ಕೈ ಹೊರಗೆ ಚಾಚಿ, ಹಸಿರು ದಾಳವನ್ನು ನನ್ನ ಅಂಗೈಯಲ್ಲಿಟ್ಟ.

"ಹಾಕು," ಅಂದ.

ಅಲ್ಲೇ ಸಿಮೆಂಟಿನ ಕಟ್ಟೆಯ ಮೇಲೆ ಹಾಕಿದೆ. ಅದು ಉರುಳುತ್ತಲೇ ಇತ್ತು. ನಿಲ್ಲುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು. ಎಷ್ಟು ಬಿತ್ತು ಎಂದು ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈಸನ್ನೆಯಲ್ಲಿ ಕೇಳುತ್ತಿದ್ದ. ಲತಾಳೂ ಬಸವರಾಜನೂ ಒಟ್ಟಿಗೆ ಕೂಗಿ ಹೇಳಿದರು.