ನನ್ನದೇ ದನಿಯ ಅರ್ಧ ಮಾತು

ನಿವೃತ್ತಿಗೆ ಒಂದು ವರ್ಷವಿದ್ದಾಗ ನಾನು ಹೊಸಕೋಟೆ ತಾಲ್ಲೂಕಿನಲ್ಲಿ ಫುಡ್ ಇನ್ಸ್‌ಪೆಕ್ಟರ್ ಆಗಿದ್ದೆ. ಪಡಿತರ ಅಂಗಡಿಗಳ ತಪಾಸಣೆ ನನ್ನ ಕೆಲಸ. ಆಗ ದೂರದ ದೇಶಗಳಲ್ಲಿ ಯುದ್ಧ ನಡೆಯುತ್ತಿತ್ತು. ನಂದಗುಡಿ ಕಡೆಯ ಹಳ್ಳಿಗಳ ಮೊಬೈಲುಗಳಲ್ಲೂ ಅದೇ ಮಾತು: ಅಣುಬಾಂಬು ಬೀಳುತ್ತದೆ, ಹಡಗು ಬರುವುದಿಲ್ಲ, ಉಪ್ಪು ಸಿಗುವುದಿಲ್ಲ.

ಜನರಿಗೆ ಧೈರ್ಯ ಹೇಳಲು ಒಂದು ವಾಯ್ಸ್ ಮೆಸೇಜ್ ಮಾಡಿದೆ: "ನಾನು ಫುಡ್ ಇನ್ಸ್‌ಪೆಕ್ಟರ್ ಮಾತಾಡ್ತಿದೀನಿ. ಯುದ್ಧದಿಂದ ನಾಳೆಯಿಂದ ಉಪ್ಪು, ಎಣ್ಣೆ ಸಿಗಲ್ಲ ಅಂತ ಸುಳ್ಳು ಹಬ್ಬಿಸ್ತಿದ್ದಾರೆ. ನಂಬಬೇಡಿ." ಅದನ್ನು ಕಳಿಸಿದ್ದು ನಾಗಣ್ಣನೊಬ್ಬನಿಗೇ. ಪಡಿತರ ಅಂಗಡಿಯ ಜೊತೆಗೆ ದಿನಸಿ ಅಂಗಡಿಯನ್ನೂ ನಡೆಸುತ್ತಿದ್ದವನು. ಕೊರೊನಾ ಕಾಲದಲ್ಲಿ ನನ್ನೊಂದಿಗೆ ಮನೆಮನೆಗೆ ಅಕ್ಕಿ ಹೊತ್ತವನು, ನನ್ನನ್ನು ಅಕ್ಕ ಎನ್ನುತ್ತಿದ್ದವನು. ಊರಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹಾಕು ಎಂದಿದ್ದೆ.

ಮರುದಿನ ಬೆಳಿಗ್ಗೆ ಅವನ ಅಂಗಡಿ ಮುಂದೆ ನೂಕುನುಗ್ಗಲು. ಗಂಗಮ್ಮ ಎಂಬ ಅಜ್ಜಿ ಕೆಳಗೆ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಗೆ ಓಡಿದೆ. ಅವರು ನನ್ನನ್ನೇ ನೋಡಿ, "ನೀವೇ ಹೇಳಿದ್ರಲ್ಲವ್ವ, ನಾಳೆಯಿಂದ ಸಿಗಲ್ಲ ಅಂತ. ಅದಕ್ಕೇ ಬಂದೆ" ಎಂದರು.

ಪಕ್ಕದಲ್ಲಿದ್ದ ಅವರ ಸೊಸೆ ತನ್ನ ಮೊಬೈಲ್ ಕೊಟ್ಟಳು. ನನ್ನದೇ ದನಿ. "ಸಿಗಲ್ಲ" ಎಂಬಲ್ಲಿಗೆ ಕತ್ತರಿಸಿದ್ದರು.

ನಾಗಣ್ಣ ಅಂಗಡಿಯಲ್ಲೇ ಇದ್ದ. ಉಪ್ಪಿನ ಮೂಟೆಗಳೆಲ್ಲ ಮಾರಾಟವಾಗಿ ಖಾಲಿ.

"ಏನೋ ಇದು?"

ಅವನು ತಲೆ ತಗ್ಗಿಸಲೂ ಇಲ್ಲ. "ನಾನೇನೂ ಸೇರಿಸ್ಲಿಲ್ಲ ಅಕ್ಕ. ಎಲ್ಲಾ ನೀವು ಆಡಿದ ಮಾತೇ."

ಬೇರೆ ಯಾರಾದರೂ ಮಾಡಿದ್ದರೆ ಬರೀ ಸಿಟ್ಟು ಬರುತ್ತಿತ್ತು. ಇವನು ಅಕ್ಕ ಎನ್ನುತ್ತಲೇ ನನ್ನ ದನಿಯನ್ನು ಕದ್ದಿದ್ದ. ಆ ದಿನವೇ ವರದಿ ಬರೆದೆ. ಅವನ ಮೇಲಿನ ನಂಬಿಕೆಯಿಂದ ಮೇಲಧಿಕಾರಿಗಳನ್ನು ಕೇಳದೆ ಸಂದೇಶ ಕಳಿಸಿದ್ದು ನನ್ನ ತಪ್ಪು ಎಂದೂ ಬರೆದೆ. ಅವನ ಲೈಸೆನ್ಸ್ ಅಮಾನತಾಯಿತು. ನನಗೂ ನೋಟಿಸ್ ಬಂತು. ಆಮೇಲೆ ಹಳ್ಳಿಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ಜನ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ.

ಕೆಲವು ತಿಂಗಳ ನಂತರ ಗಂಗಮ್ಮನ ಮನೆಗೆ ಹೋದಾಗ ಅವರು ವಾಕರ್ ಹಿಡಿದು ನಡೆಯುತ್ತಿದ್ದರು.

"ಯುದ್ಧ ಇಲ್ಲಿಗೂ ಬತ್ತದಾ ಅವ್ವ?"

"ಇಲ್ಲಿಗೆ ಬರಲ್ಲ ಅಜ್ಜಿ, ಹೆದರ್ಕೋಬೇಡಿ" ಎಂದೆ.

ಅವರು ತಲೆಯಾಡಿಸಿದರು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ ಕೇಳಿದರು: "ಇವ್ರು ಹೇಳ್ತಿರೋದು ದಿಟಾನೇನೇ?"

ಜನರ ನಂಬಿಕೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸಬಾರದು. ನನ್ನ ಕೆಲಸ ಇದನ್ನು ಕಲಿಸಿತು, ಆದರೆ ತೀರಾ ತಡವಾಗಿ.